ಮಜ್ಜಿಗೆಹುಳಿ ಕುಡಿದ ಸೀಟು

ಮೊನ್ನೆ ನನ್ನ ಮಗಳು ಕಾರಿನ ಸೀಟಿನ ಕಲೆ ತೆಗೆಯಲು ಒಂದು ಬಾಟಲಿ ತರಿಸಿದಳು. ಬಂದೂಕಿನ ಹಾಗೆ ಕುದುರೆ ಒತ್ತಿದರೆ ನೊರೆ ಹಾರುವಂಥದ್ದು. ಅವಳು ಕಾಫಿ ಕಲೆಯ ಮೇಲೆ ಗುರಿ ಇಡುತ್ತಿದ್ದಾಗ, ಬೇರೆ ಕೆಲಸವಿಲ್ಲದ ನಾನು ಬಾಟಲಿಯ ಬೆನ್ನಿನ ಸಣ್ಣಕ್ಷರಗಳನ್ನು ಓದಿದೆ. ಮೊಟ್ಟಮೊದಲ ಸೂಚನೆಯೇ, ಕಣ್ಣಿಗೆ ಬೀಳದ ಒಂದು ಜಾಗದಲ್ಲಿ ಮೊದಲು ಹಾಕಿ ನೋಡಿ, ಎಂದಿತ್ತು. ಮಗಳು ವಿಧೇಯತೆಯಿಂದ ಸೀಟಿನ ಅಡಿಯಲ್ಲಿ ಬೆರಳಗಲ ಜಾಗ ಹುಡುಕಿ ಹಾಕಿ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಯಾವ ಪ್ರಯೋಗವನ್ನೇ ಆಗಲಿ ನಟ್ಟನಡುವೆ, ಹತ್ತು ಜನರ ಎದುರಿಗೆ, ಪೂರ್ಣ ಆತ್ಮವಿಶ್ವಾಸದಿಂದ ಮಾಡಿ ಅಭ್ಯಾಸ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮದರಾಸಿನ ಮಾತು. ಆಗ ದೇಶದಲ್ಲಿ ಸಿಗುತ್ತಿದ್ದುದು ಎರಡೂವರೆ ಬಗೆಯ ಕಾರು. ನಮ್ಮದು ಆ ಅರ್ಧದ ಪೈಕಿ. ಅಪ್ಪ ವಿಮಾ ಕಚೇರಿಯಲ್ಲಿ ಅಧಿಕಾರಿ. ಪರರಿಗೆ ಆಗಬಹುದಾದ ಅನಾಹುತಗಳನ್ನು ದಿನವಿಡೀ ಕಲ್ಪಿಸಿಕೊಳ್ಳುವುದೇ ಅವರ ಉದ್ಯೋಗವಾಗಿದ್ದರೂ, ಈ ಕಾರನ್ನು ಮೂರನೇ ಕೈಯಿಂದ ಕೊಂಡ ದಿನ ಮಾತ್ರ ಅವರ ಕಲ್ಪನಾಶಕ್ತಿ ರಜೆ ಹಾಕಿತ್ತು. ಮೈಲಾಪೂರಿನ ನಮ್ಮ ವಠಾರದ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಅದು ಬಂದು ನಿಂತಾಗ ಅಜ್ಜಿ ತಟ್ಟೆಯಲ್ಲಿ ಅರಿಶಿನ ಸುಣ್ಣ ಕದಡಿಕೊಟ್ಟಳು, ಅಮ್ಮ ಆ ಕೆಂಪು ನೀರಿನಿಂದ ಆರತಿ ಎತ್ತಿ, ದೃಷ್ಟಿ ತೆಗೆದು ಚಕ್ರದ ಬುಡಕ್ಕೆ ಚೆಲ್ಲಿದಳು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎಂಬುದನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ.

ಅಜ್ಜಿ ಎಂದರೆ ಅಮ್ಮನ ಅಮ್ಮ. ಅಜ್ಜ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಛತ್ರಿ ಹಿಡಿದು ಮೈಸೂರಿನಿಂದ ನಮ್ಮ ಮನೆಗೆ ಬಂದವಳು. ಮಗಳ ಮನೆ ಎಂದು ಬಾಯಲ್ಲಿ ಹೇಳಿದರೂ ಅದು ಅಳಿಯನ ಮನೆ ಎಂಬುದನ್ನು ಒಂದು ಗಳಿಗೆಯೂ ಮರೆಯುತ್ತಿರಲಿಲ್ಲ. ಅಪ್ಪ ಹಜಾರಕ್ಕೆ ಬಂದರೆ ಅವಳು ಒಳಕ್ಕೆ. ಅಪ್ಪನ ಕಾಫಿಯಾದ ಮೇಲೇ ಅವಳ ಕಾಫಿ. ಅವಳದೆಂದು ಮನೆಯಲ್ಲಿ ಇದ್ದದ್ದು ರೈಲಿನಲ್ಲಿ ಅರ್ಧ ದಿನ ತಡವಾಗಿ ಬರುತ್ತಿದ್ದ ಕನ್ನಡ ಪತ್ರಿಕೆ ಒಂದೇ. ಅದನ್ನು ಮೊದಲ ಪುಟದಿಂದ ಕೊನೆಯ ಟೆಂಡರು ಪ್ರಕಟಣೆಯವರೆಗೆ ಓದಿ, ಶಿವಮೊಗ್ಗದಲ್ಲಿ ಯಾವ ಸೇತುವೆಗೆ ಯಾರು ಅರ್ಜಿ ಹಾಕಬಹುದು ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು.

ಅಂಥ ಅಜ್ಜಿ ಅರವತ್ತೆಂಟನೇ ವಯಸ್ಸಿನವರೆಗೆ ಸಮುದ್ರ ನೋಡಿರಲಿಲ್ಲ. ಕಾರು ಬಂದ ಮೊದಲ ಭಾನುವಾರ ಸಂಜೆ ಅಪ್ಪ ನಮ್ಮನ್ನೆಲ್ಲ ಬೆಸೆಂಟ್ ನಗರದ ಬೀಚಿಗೆ ಕರೆದುಕೊಂಡು ಹೋದರು. ಅಜ್ಜಿ ಸೀರೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು ಅಲೆಯಲ್ಲಿ ನಿಂತಳು. ಒಂದು ಅಲೆ ಬಂದು ಕಾಲಡಿಯ ಮರಳು ಕದ್ದುಕೊಂಡು ಹೋದಾಗ ‘ಏಯ್, ಎಲ್ಲಿಗೋ!’ ಎಂದು ಗದರಿದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಭಾನುವಾರವೆಂದರೆ ಅವಳಿಗೆ ಸಮುದ್ರ. ಊಟವಾದ ಕೂಡಲೇ ತಲೆ ಬಾಚಿ, ಸೀರೆ ಬದಲಿಸಿ, ನಾಲ್ಕು ಗಂಟೆಯವರೆಗೆ ಏನೂ ತಿಳಿಯದವಳಂತೆ ಬಾಗಿಲ ಬಳಿ ಕೂತಿರುತ್ತಿದ್ದಳು.

ಇನ್ನು ಸೀಟಿನ ವಿಷಯ. ಆಗಿನ ಕಾರುಗಳಿಗೆಲ್ಲ ರೆಕ್ಸಿನ್ ಸೀಟು. ಮದರಾಸಿನ ಮೇ ತಿಂಗಳಲ್ಲಿ ಗಿಡ್ಡ ಲಂಗ ಹಾಕಿಕೊಂಡು ರೆಕ್ಸಿನ್ ಮೇಲೆ ಕೂತು ಗೊತ್ತಿದ್ದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಕೂರುವಾಗ ಅದು ದೋಸೆ ಹಂಚು, ಏಳುವಾಗ ಅಂಟು ಹಚ್ಚಿದ ಲಕೋಟೆ. ಇದಕ್ಕೆ ಬಟ್ಟೆಯ ಸೀಟೇ ಪರಿಹಾರ ಎಂದು ಅಪ್ಪ ಕಂಡುಹಿಡಿದರು. ಪೆರಂಬೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಚಿಕ್ಕಪ್ಪ, ಸೀಟು ಹೊಲಿಯುವುದರಲ್ಲಿ ಪಳಗಿದ ಒಬ್ಬರನ್ನು ಹುಡುಕಿಕೊಟ್ಟರು. ಅವರು ಗಟ್ಟಿ ಹತ್ತಿಬಟ್ಟೆಯ ನಾಲ್ಕು ಬಣ್ಣ ಮುಂದಿಟ್ಟು, ಕಾಫಿ ಬಣ್ಣ ತೆಗೆದುಕೊಳ್ಳಿ, ಕೊಳೆ ಕಾಣುವುದಿಲ್ಲ ಎಂದರು. ಅಪ್ಪ ಕೆನೆ ಬಣ್ಣ ಆರಿಸಿದರು. ಕೆನೆ ಬಣ್ಣ ಶಾಖ ಹೀರುವುದಿಲ್ಲವಂತೆ. ಅದು ಬೇರೆ ಏನೇನು ಹೀರುತ್ತದೆ ಎಂದು ಅವರು ವಿಚಾರಿಸಲಿಲ್ಲ.

ಅಂದಿನಿಂದ ಕಾರಿಗೆ ಮಡಿ ಬಂತು. ಒಳಗೆ ತಿನ್ನುವಂತಿಲ್ಲ, ಎಣ್ಣೆ ತಲೆ ಒರಗಿಸುವಂತಿಲ್ಲ. ಬೀಚಿನಿಂದ ವಾಪಸು ಹೊರಡುವಾಗ ಬಾಗಿಲ ಬಳಿ ಒಂಟಿ ಕಾಲಿನಲ್ಲಿ ನಿಂತು ಬೆರಳ ಸಂದಿಯ ಮರಳನ್ನೆಲ್ಲ ಕೊಡವಿ ತೋರಿಸಿದರೆ ಮಾತ್ರ ಪ್ರವೇಶ. ಮನೆಗೆ ಬಂದ ಮೇಲೆ, ನೆರಳಿನಲ್ಲೇ ನಿಂತ ಕಾರಿಗೆ ಮತ್ತೆ ಕ್ಯಾನ್ವಾಸಿನ ಹೊದಿಕೆ. ನನಗೂ ಅಷ್ಟು ಅಕ್ಕರೆಯಿಂದ ಯಾರೂ ಹೊದಿಸುತ್ತಿರಲಿಲ್ಲ.

ಚಿಕ್ಕಪ್ಪನ ಮಗುವಿನ ನಾಮಕರಣದ ದಿನ ಈ ವೈಭವಕ್ಕೆ ಕೊನೆ ಬಂತು. ಅಜ್ಜಿಯ ಮಜ್ಜಿಗೆಹುಳಿ ನಮ್ಮ ಕಡೆಯವರಲ್ಲೆಲ್ಲ ಹೆಸರುವಾಸಿ. ಪೆರಂಬೂರಿನಿಂದ ಅದಕ್ಕೆ ವಿಶೇಷ ಬೇಡಿಕೆ ಬಂದಿತ್ತು. ಬೂದುಗುಂಬಳದ ಹೋಳು ಹಾಕಿ, ಅರಿಶಿನ ತುಸು ಹೆಚ್ಚಾಗಿಯೇ ಸೇರಿಸಿ ಮಾಡಿದ ಹುಳಿಯನ್ನು ದೊಡ್ಡ ಪಾತ್ರೆಗೆ ತುಂಬಿ, ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿ, ಅಜ್ಜಿ ಹಿಂದಿನ ಸೀಟಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ನಾನು, ಹತ್ತು ವರ್ಷದ ಸಾಧ್ವಿ. ಮುಂದೆ ಅಪ್ಪ ಅಮ್ಮ. ಮೌಂಟ್ ರೋಡು ಮುಗಿಯುವಷ್ಟರಲ್ಲಿ ಹುಳಿಯ ವಾಸನೆ ನನ್ನ ಶೀಲವನ್ನು ಕೆಡಿಸಿತ್ತು. ಅಜ್ಜಿ ಕಿಟಕಿಯ ಹೊರಗೆ ನೋಡುತ್ತಿದ್ದಾಗ ನಾನು ಗಂಟು ಸಡಿಲಿಸಿ, ತಟ್ಟೆ ಎತ್ತಿ, ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡೆ. ಇನ್ನೊಂದಕ್ಕೆ ಕೈ ಹಾಕಬೇಕು, ಸೆಂಟ್ರಲ್ ಸ್ಟೇಷನ್ನಿನ ಹತ್ತಿರ ಒಂದು ಸೈಕಲ್ ರಿಕ್ಷಾ ಅಡ್ಡ ಬಂತು. ಅಪ್ಪ ಬ್ರೇಕ್ ಹಾಕಿದರು. ಬೆಸೆಂಟ್ ನಗರದಲ್ಲೂ ನಾನು ಅಂಥ ಅಲೆ ಕಂಡಿರಲಿಲ್ಲ.

ಅಪ್ಪ ತಿರುಗಿ ನೋಡುವುದರೊಳಗೆ ಅಜ್ಜಿ ನನ್ನ ಕೈಯಲ್ಲಿದ್ದ ತಟ್ಟೆಯನ್ನು ಕಿತ್ತುಕೊಂಡು ತನ್ನ ಸೆರಗಿನಡಿ ಹಿಡಿದಿದ್ದಳು.

“ಕೈ ಜಾರಿಬಿಡ್ತು ಅಳಿಯಂದಿರೇ. ನಂದೇ ತಪ್ಪು.”

ನಾನು ಏನೂ ಹೇಳಲಿಲ್ಲ. ಬಾಯಲ್ಲಿ ಹೋಳಿತ್ತು, ಬಾಯಿ ತುಂಬಿಕೊಂಡು ಮಾತಾಡಬಾರದೆಂದು ಹಿರಿಯರು ಕಲಿಸಿದ್ದರು. ನುಂಗಿದ ಮೇಲೂ ಹೇಳಲಿಲ್ಲ. ವಿಮಾ ಅಧಿಕಾರಿಯ ಮಗಳು ನೋಡಿ, ನಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ರಕ್ತದಲ್ಲೇ ಬಂದಿತ್ತು.

ಪೆರಂಬೂರು ತಲುಪಿದಾಗ ಹಿಂದಿನ ಸೀಟಿನ ನಡುವೆ ಮೊರದಗಲ ಹಳದಿ. ಮಗುವಿಗೆ ಏನು ಹೆಸರಿಟ್ಟರೆಂದು ಆ ದಿನ ನಮ್ಮ ಮನೆಯವರಾರೂ ಗಮನಿಸಲಿಲ್ಲ. ಅಮ್ಮ ಚಿಕ್ಕಮ್ಮನ ಬಚ್ಚಲಿನಿಂದ ಬಟ್ಟೆ ಸೋಪು ತಂದು, ಒದ್ದೆ ಮಾಡಿ, ಉಸಿರು ಬಿಗಿಹಿಡಿದು ಉಜ್ಜಿದಳು. ಕಣ್ಣೆದುರಿಗೇ ಹಳದಿ ಹೋಯಿತು. ಅದರ ಜಾಗದಲ್ಲಿ ಕಡುಗೆಂಪು ಬಂತು.

“ಏನಿದು! ಯಾರನ್ನೋ ಕೊಂದು ಸಾಗಿಸಿದ ಹಾಗಿದೆಯಲ್ಲ!” ಎಂದರು ಅಪ್ಪ.

ವಾರಕ್ಕೊಮ್ಮೆಯಾದರೂ ಯಾರಿಗಾದರೂ ಕೆಂಪು ನೀರಿನ ಆರತಿ ಎತ್ತುವ ಮನೆತನ ನಮ್ಮದು. ಸುಣ್ಣ ಮಾಡುವ ಕೆಲಸವನ್ನೇ ಸೋಪೂ ಮಾಡುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮದುವೆಯಲ್ಲಿ ಅದು ಮಂಗಳಕರ, ಸೀಟಿನ ಮೇಲೆ ಮಾತ್ರ ಕೊಲೆ.

ಮರುದಿನ ವಠಾರದ ಮಹಡಿಯ ಮಾಮಿ ಇಳಿದು ಬಂದು, ಕಾರಿನೊಳಗೆ ತಲೆ ಹಾಕಿ, ‘ಸೋಪ್ ಪೋಟ್ಟೇಳಾ? ಅಯ್ಯಯ್ಯೋ’ ಎಂದು ಸೋಪು ಹಾಕಿದ್ದಕ್ಕೆ ಮರುಗಿ, ನಿಂಬೆಹಣ್ಣಿನ ಹೋಳು ಹಿಡಿದು ತಾವೇ ಉಜ್ಜಿದರು. ಕೆಂಪು ಮಾಯವಾಯಿತು. ಅಪ್ಪ ಕೈಮುಗಿಯುವಷ್ಟರಲ್ಲಿ ಹಳೆಯ ಹಳದಿ ನಗುತ್ತಾ ವಾಪಸು ಬಂತು. ಇದಕ್ಕೆ ವಾಷಿಂಗ್ ಸೋಡಾವೇ ಸರಿ ಎಂದು ಅಮ್ಮ ಸೋಡಾ ಹಾಕಿದಳು, ಕೆಂಪು. ಮಾಮಿ ಬಿಡಲಿಲ್ಲ, ಹುಣಸೆಹಣ್ಣು, ಹಳದಿ. ಹೀಗೆ ವಾರವೆಲ್ಲ ನಮ್ಮ ಸೀಟು ಮೌಂಟ್ ರೋಡಿನ ಸಿಗ್ನಲ್ಲಿನಂತೆ ಬಣ್ಣ ಬದಲಿಸಿತು. ಹಸಿರೊಂದು ಬರಲಿಲ್ಲ. ಮಾಮಿ ಕೆಂಪು ಹೋಗಿಸಿದ್ದು ನಾನು ಎನ್ನುವರು, ಅಮ್ಮ ಹಳದಿ ಹೋಗಿಸಿದ್ದು ನಾನು ಎನ್ನುವಳು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಕಲೆ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಅಪ್ಪ ಪೆಟ್ರೋಲು ಹಾಕಿ ನೋಡಿದರು. ಕಲೆಗೆ ಸುತ್ತ ಒಂದು ಅಂಚು ಬಂತು, ಜರಿ ಅಂಚಿನ ಹಾಗೆ. ಸೀಮೆಎಣ್ಣೆ ಹಾಕಿದ ಮೇಲೆ ಕಾರಿನಲ್ಲಿ ಹದಿನೈದು ದಿನ ಸ್ಟೌವಿನೊಳಗೆ ಕೂತು ಪ್ರಯಾಣ ಮಾಡಿದೆವು.

ಅಪ್ಪನ ಸಿಟ್ಟಿನ ಬಗ್ಗೆ ಇಲ್ಲಿ ಹೇಳಬೇಕು. ನಮ್ಮಲ್ಲಿ ಅಳಿಯ ಅತ್ತೆಯ ಮೇಲೆ ರೇಗುವಂತಿಲ್ಲ. ನಮ್ಮ ಮೇಲಾದರೆ ಕೂಗಾಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ಅತ್ತೆ ಎಂದಮೇಲೆ ಆ ಸಿಟ್ಟೆಲ್ಲ ಮರ್ಯಾದೆಯಾಗಿ ಹೊರಬರಬೇಕು. ಮುಂದಿನ ಭಾನುವಾರ ಅಜ್ಜಿ ಕಾರಿನ ಬಳಿ ಬಂದಾಗ ಅಪ್ಪ ತಾವೇ ಬಾಗಿಲು ತೆಗೆದು, ಅವಳು ಕೂರುವ ಜಾಗಕ್ಕೆ ಇಂಗ್ಲಿಷ್ ಪೇಪರಿನ ಎರಡು ಹಾಳೆ ಹಾಸಿ, ಅಂಗೈಯಿಂದ ಸವರಿ ಸರಿಮಾಡಿದರು.

“ಸೀಟಿನ ಬಣ್ಣ ನಿಮ್ಮ ಸೀರೆಗೆ ಹತ್ತೀತು ಅತ್ತೆ. ಅದಕ್ಕೇ.”

ಕಲೆ ನಡುವೆ ಇತ್ತು. ಅಜ್ಜಿ ಕೂರುತ್ತಿದ್ದುದು ಕಿಟಕಿಯ ಪಕ್ಕ. ನಡುವಿಗೆ ಹತ್ತಿರವಾಗಿ ಕೂರುತ್ತಿದ್ದ ನನ್ನ ಲಂಗದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಅಜ್ಜಿ ಪೇಪರನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, ಅದರ ಮೇಲೆ ಕೂತಳು. ಪ್ರತಿ ತಿರುವಿನಲ್ಲೂ ಅವಳ ಕೆಳಗೆ ಪರಪರ ಸದ್ದು. ಸದ್ದಾದಾಗಲೆಲ್ಲ ಅವಳು ಇನ್ನಷ್ಟು ಅಲುಗಾಡದೆ ಕೂರುತ್ತಿದ್ದಳು. ಅಮ್ಮ ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ರಸ್ತೆ ನೋಡುತ್ತಿದ್ದಳು. ಗಂಡನಿಗೆ ಹೇಳಿದರೆ ತಾಯಿಯ ಪರ, ಸುಮ್ಮನಿದ್ದರೆ ಗಂಡನ ಪರ. ಅವಳ ಕಿವಿ ಕೆಂಪಾಗಿದ್ದುದು ಹಿಂದಿನಿಂದ ನನಗೆ ಕಾಣುತ್ತಿತ್ತು.

ಹಾಗೆ ಎರಡು ಭಾನುವಾರ ಕಳೆಯಿತು. ಮೂರನೆಯದಕ್ಕೆ ಅಜ್ಜಿ ತಲೆ ಬಾಚಲಿಲ್ಲ.

“ನನಗೆ ಮಂಡಿ ನೋವು ಕಣೇ. ನೀವು ಹೋಗ್ಬನ್ನಿ. ಸಮುದ್ರ ಏನು, ಒಂದ್ಸಲ ನೋಡಿದ್ರೆ ಆಯ್ತು.”

ಆ ಮಂಡಿಯಲ್ಲೇ ಅವಳು ದಿನಾ ಬೆಳಿಗ್ಗೆ ದೇವಸ್ಥಾನದ ಸುತ್ತಲಿನ ಮಾಡವೀದಿಗಳನ್ನು ಸುತ್ತಿ, ದೇವರಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿ ಬರುತ್ತಿದ್ದಳು. ಅಪ್ಪನಿಗೆ ಮಾತ್ರ ಮಂಡಿನೋವು ನಿಜವೆಂದೇ ಅನ್ನಿಸಿತು. ವಿಮೆಯವರು ಒಮ್ಮೊಮ್ಮೆ ಬಹಳ ಸುಲಭವಾಗಿ ನಂಬುತ್ತಾರೆ, ನಂಬುವುದು ಅನುಕೂಲವಾಗಿದ್ದರೆ. ಆ ಸಂಜೆ ಬೀಚಿನಲ್ಲಿ ನನಗೆ ಸುಂಡಲ್, ಅಂದರೆ ಕಡಲೆ ಉಸಲಿ, ಸಿಕ್ಕಿತು. ಬಾಯಿಗೆ ಹಾಕಿದರೆ ರುಚಿಯೇ ಇಲ್ಲ. ಹೇಳಿಬಿಡಬೇಕು ಎಂದುಕೊಂಡೆ. ಸೋಮವಾರ ಹೇಳೋಣ ಎಂದುಕೊಂಡೆ. ಆ ಸೋಮವಾರ ಬೇಸಿಗೆ ರಜದವರೆಗೂ ಬರಲಿಲ್ಲ.

ಬೀದಿಯ ಮೂಲೆಯಲ್ಲಿ ಉಡುಪಿ ಕಡೆಯ ಭಟ್ಟರೊಬ್ಬರ ಹೋಟೆಲಿತ್ತು. ಅವರು ಒಂದು ದಿನ ನಮ್ಮ ಅಂಗಳಕ್ಕೆ ಬಂದಾಗ ಅಪ್ಪ ಸೀಟು ತೋರಿಸಿ ಗೋಳು ಹೇಳಿಕೊಂಡರು. ಭಟ್ಟರು ಬಗ್ಗಿ ನೋಡಿ, ವೈದ್ಯರಂತೆ ತಲೆಯಾಡಿಸಿದರು.

“ಇದಕ್ಕೆಲ್ಲ ಎಂತಕ್ಕೆ ಒದ್ದಾಡುದು ಮಾರಾಯ್ರೆ? ನಮ್ಮಲ್ಲಿ ದಿನಕ್ಕೆ ಹತ್ತು ಸಲ ಪಂಚೆ ಮೇಲೆ ಸಾಂಬಾರು ಚೆಲ್ತದೆ. ಒದ್ದೆ ಮಾಡಿ ಬಿಸಿಲಿಗೆ ಹಾಕುದು, ಅಷ್ಟೇ. ಅರಿಶಿನಕ್ಕೆ ಬಿಸಿಲು ಅಂದ್ರೆ ಆಗುದಿಲ್ಲ.”

“ಈ ಬಿಸಿಲಿಗೆ ಕಾರಾ? ಸೀಟಿನ ಬಣ್ಣ ಹೋಗಲ್ವೇನ್ರೀ ಭಟ್ರೇ?”

“ಬಣ್ಣ ಹೋಗ್ಬೇಕು ಅಂತಲೇ ಅಲ್ವಾ ನೀವು ಇಷ್ಟು ದಿನ ಹೋರಾಡಿದ್ದು?”

ಅಪ್ಪನಿಗೆ ಇದು ಹಿಡಿಸಲಿಲ್ಲ. ಇಡ್ಲಿ ವಿಷಯವಾದರೆ ಭಟ್ಟರ ಮಾತು ಕೇಳಬಹುದು, ಕಾರಿನ ವಿಷಯಕ್ಕೆ ಅವರೇಕೆ ಎಂದು ಅವರು ಹೋದ ಮೇಲೆ ಗೊಣಗಿದರು. ಹಾಗೆ ಗೊಣಗುತ್ತಲೇ ಮೈಗೆ ಹಾಕುವ ಪೌಡರಿನ ಒಂದು ಇಡೀ ಡಬ್ಬಿಯನ್ನು ಕಲೆಯ ಮೇಲೆ ಸುರಿದು, ಹೊದಿಕೆ ಹೊದಿಸಿ, ಕಚೇರಿಯ ಕೆಲಸಕ್ಕೆಂದು ಎರಡು ವಾರ ತಿರುನೆಲ್ವೇಲಿಗೆ ಹೊರಟುಹೋದರು. ಪೌಡರು ಎಣ್ಣೆ ಹೀರುತ್ತದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರಂತೆ.

ಬಾಗಿಲ ಹಿಂದೆ ನಿಂತು ಭಟ್ಟರ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಇನ್ನೊಬ್ಬರಿದ್ದರು. ಅಪ್ಪ ಹೋದ ಮಾರನೆಯ ದಿನ ಹನ್ನೊಂದು ಗಂಟೆಗೆ ಅಜ್ಜಿ ಮೊಳೆಯ ಮೇಲಿದ್ದ ಕಾರಿನ ಬೀಗದ ಕೈ ತೆಗೆದುಕೊಂಡಳು. ನನ್ನನ್ನೂ ಮಾಮಿಯ ಇಬ್ಬರು ಗಂಡುಮಕ್ಕಳನ್ನೂ ಕರೆದು, ಕಾರನ್ನು ಬೇವಿನ ನೆರಳಿನಿಂದ ಅಂಗಳದ ಇನ್ನೊಂದು ತುದಿಗೆ ತಳ್ಳಿಸಿದಳು. ಹೊದಿಕೆ ಎಳೆದು, ಪೌಡರು ಕೊಡವಿ, ನಾಲ್ಕು ಬಾಗಿಲನ್ನೂ ಹಾರುಹೊಡೆದು, ಕಲೆಯ ಮೇಲೆ ಚೊಂಬಿನಿಂದ ನೀರು ಚಿಮುಕಿಸಿದಳು. ಆಮೇಲೆ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು, ಛತ್ರಿ ಬಿಚ್ಚಿ, ಪೇಪರ್ ಓದುತ್ತಾ ಕಾವಲು ಕೂತಳು. ಅದು ಮದರಾಸಿನವರು ಕತ್ತರಿ ಎನ್ನುವ ಮೇ ತಿಂಗಳ ಉರಿಬಿಸಿಲಿನ ಕಾಲ, ಕಾಗೆಗಳೂ ಹೊರಗೆ ಬರುತ್ತಿರಲಿಲ್ಲ. ಸೀಟು ಒಣಗಿದಂತೆಲ್ಲ ಎದ್ದು ನೀರು ಹಾಕುವಳು, ಬಿಸಿಲು ಸರಿದಂತೆಲ್ಲ ನಮ್ಮಿಂದ ಕಾರು ತಿರುಗಿಸುವಳು.

ಅಮ್ಮ ಮೆಟ್ಟಿಲ ಮೇಲೆ ನಿಂತು ಅಳುದನಿಯಲ್ಲಿ ಹೇಳಿದಳು. “ಅಮ್ಮಾ, ಹೋಗ್ಲಿ ಬಿಡಮ್ಮ ಆ ಹಾಳು ಸೀಟು. ತಲೆ ಸುತ್ತಿ ಬಿದ್ದೀಯ.”

“ಬಿದ್ರೆ ಸೀಟಿನ ಮೇಲೆ ಬೀಳ್ತೀನಿ ಬಿಡು. ಈಗ ಅಳಿಯಂದಿರು ಊರಲ್ಲಿಲ್ವಲ್ಲ.”

ಅಜ್ಜಿಯ ಬಾಯಿಂದ ಅಳಿಯನ ವಿಷಯದಲ್ಲಿ ಹೊರಟ ಅತಿ ಕಟುವಾದ ಮಾತು ಅದು. ಸಂಜೆ ನಾಲ್ಕಕ್ಕೆ ಕಾರು ನೆರಳಿಗೆ, ಹೊದಿಕೆ ಮೈಗೆ, ಬೀಗದ ಕೈ ಮೊಳೆಗೆ. ‘ಅಪ್ಪನ ಹತ್ರ ಬಾಯಿ ಬಿಟ್ಟೀಯ ಜೋಕೆ’ ಎಂದು ನನಗೆ ತಾಕೀತು. ಬಾಯಿ ಬಿಡದಿರುವುದರಲ್ಲಿ ನಾನು ಆ ಹೊತ್ತಿಗೆ ಸಾಕಷ್ಟು ಪಳಗಿದ್ದೆ. ಮೊದಲ ನಾಲ್ಕು ದಿನ ಏನೂ ಕಾಣಲಿಲ್ಲ. ಐದನೆಯ ದಿನ ಹಳದಿ ನಿಂಬೆಯ ಬಣ್ಣಕ್ಕಿಳಿಯಿತು. ಹತ್ತನೆಯ ದಿನ ಬೆಣ್ಣೆಯ ಬಣ್ಣ. ಹದಿಮೂರನೆಯ ದಿನ ಕಲೆ ಎಲ್ಲಿತ್ತೆಂದು ನಾವು ಬೆರಳಿಟ್ಟು ಹುಡುಕಬೇಕಾಯಿತು. ಅಂದು ಸಂಜೆ ಅಜ್ಜಿ ಆ ಜಾಗಕ್ಕೆ ಹೊಸದಾಗಿ ಒಂದಿಷ್ಟು ಪೌಡರು ಉದುರಿಸಿ ಹೊದಿಕೆ ಎಳೆದಳು. ಅಜ್ಜಿಯ ಮುಖ ಮಾತ್ರ ಎರಡು ಪಟ್ಟು ಕಪ್ಪಾಗಿತ್ತು.

ಅಪ್ಪ ಬಂದ ಮಾರನೆಯ ದಿನವೇ ಭಾನುವಾರ. ಹೊದಿಕೆ ತೆಗೆದು, ಪೌಡರು ಕೊಡವಿ ನೋಡಿದವರು ವಠಾರಕ್ಕೆಲ್ಲ ಕೇಳಿಸುವಂತೆ ಕೂಗಿದರು. “ನೋಡ್ರೇ ಇಲ್ಲಿ, ಪೌಡರ್ ಮಹಿಮೆ! ಎರಡೇ ವಾರ! ಬಿಸಿಲಂತೆ ಬಿಸಿಲು, ಆ ಭಟ್ರ ಮಾತು ಕೇಳಿದ್ರೆ ಏನಾಗ್ತಿತ್ತು?” ಪೌಡರಿನ ಕಾರ್ಯವಿಧಾನವನ್ನು ಮಾಮಿಗೆ ತಮಿಳಿನಲ್ಲಿ, ನಮಗೆ ಕನ್ನಡದಲ್ಲಿ ವಿವರಿಸಿದರು. ಮಾಮಿಯ ಇಬ್ಬರು ಮಕ್ಕಳೂ ಬೇವಿನ ಮರವನ್ನು ಗಮನವಿಟ್ಟು ನೋಡುತ್ತಿದ್ದರು. ಆಮೇಲೆ ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಒಳಗೆ ಕೂಗಿ ಹೇಳಿದರು.

“ಅತ್ತೆ, ಹೊರಡಿ, ಬೀಚಿಗೆ ಹೋಗೋಣ. ಇನ್ಮೇಲೆ ಪೇಪರ್ ಬೇಡ, ಹಾಗೇ ಕೂತ್ಕೋಬಹುದು.”

ಅಜ್ಜಿ ತಲೆ ಬಾಚಿಕೊಂಡು, ಸೀರೆ ಬದಲಿಸಿಕೊಂಡು ಬಂದಳು. ಕಂಕುಳಲ್ಲಿ ಅವಳದೇ ಕನ್ನಡ ಪತ್ರಿಕೆ ಇತ್ತು. ಕಾರಿನ ಬಾಗಿಲು ತೆಗೆದು, ಹಾಳೆಯನ್ನು ಬಿಡಿಸಿ, ತನ್ನ ಜಾಗಕ್ಕೆ ನೀಟಾಗಿ ಹಾಸಿ, ಅಂಗೈಯಿಂದ ಸವರಿ, ಅದರ ಮೇಲೆ ಕೂತಳು.

“ಅಯ್ಯೋ, ಬೇಡ ಅಂದ್ನಲ್ಲ ಅತ್ತೆ. ಕಲೆ ಹೋಗಿದೆ.”

“ಇರ್ಲಿ ಬಿಡಿ ಅಳಿಯಂದಿರೇ. ನನ್ನ ಸೀರೆ ಬಣ್ಣ ನಿಮ್ಮ ಸೀಟಿಗೆ ಹತ್ತೀತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಎಲ್ಲರೂ ಹತ್ತಿ ಕೂತು ಅಪ್ಪ ಗಾಡಿ ಸ್ಟಾರ್ಟ್ ಮಾಡಿದ್ದೇ ತಡ, ನನ್ನ ಬಾಯಿ ಬಿಚ್ಚಿತು. ಶಾಲೆಯ ಅಭ್ಯಾಸ, ಹೆದರಿದಾಗ ನನ್ನ ಬಾಯಿಗೆ ತಮಿಳೇ ಬರುವುದು.

“ಅಪ್ಪಾ, ಅಜ್ಜಿ ಇಲ್ಲೆ. ನಾನ್ ದಾನ್.” ಆಮೇಲೆ ಕನ್ನಡವೂ ಬಂತು. “ಅಜ್ಜಿ ಅಲ್ಲ, ನಾನೇ. ತಟ್ಟೆ ತೆಗೆದಿದ್ದು ನಾನು. ಅಜ್ಜಿ ಕೈ ಜಾರ್ಲೇ ಇಲ್ಲ. ಕಲೆ ಮಾಡಿದ್ದು ನಾನು, ತೆಗೆದಿದ್ದು ಅಜ್ಜಿ. ಹದಿಮೂರು ದಿನ ಬಿಸಿಲಲ್ಲಿ ಕೂತಿದ್ಲು.”

ಅಜ್ಜಿ ನನ್ನ ತೊಡೆ ಜಿಗುಟಿದಳು. ತಡವಾಗಿತ್ತು. ಅಮ್ಮ ಮುಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಎಂಜಿನ್ ಆರಿಸಿ ಕೆಳಗಿಳಿದು, ಸುತ್ತಿ ಬಂದು, ಅಜ್ಜಿಯ ಬಾಗಿಲು ತೆಗೆದು ನಿಂತರು. ಸೋಡಾದಿಂದ ಪೆಟ್ರೋಲಿನವರೆಗೆ ಎಲ್ಲವನ್ನೂ ಬಲ್ಲ ಮನುಷ್ಯ, ಈಗ ಏನು ಹಾಕಬೇಕೆಂದು ತಿಳಿಯದೆ ಬಾಗಿಲ ಹಿಡಿಯನ್ನು ಸವರುತ್ತಿದ್ದರು.

“ಅತ್ತೆ, ಆ ಪೇಪರ್ ಇಲ್ಲಿ ಕೊಡಿ.”

ಅಜ್ಜಿ ಮೆಲ್ಲಗೆ ಎದ್ದು, ಹಾಳೆ ತೆಗೆದು ಕೊಟ್ಟಳು. ಅಪ್ಪ ಅದನ್ನು ಹಿಡಿದು ಎಲ್ಲಿಡುವುದೆಂದು ತಿಳಿಯದವರಂತೆ ನಿಂತಿದ್ದರು. ಕೊನೆಗೆ ತಮ್ಮ ಬಾಗಿಲಿಗೆ ವಾಪಸು ಬಂದು, ಡ್ರೈವರ್ ಸೀಟಿನ ಮೇಲೆ ಅದನ್ನು ಹಾಸಿ, ಅದರ ಮೇಲೆ ತಾವು ಕೂತು, ಗಾಡಿ ಸ್ಟಾರ್ಟ್ ಮಾಡಿದರು.

ಅಡ್ಯಾರ್ ಸೇತುವೆಯವರೆಗೆ ಪ್ರತಿ ಗೇರಿಗೂ ಅಪ್ಪನ ಕೆಳಗೆ ಪರಪರ ಎನ್ನುತ್ತಿತ್ತು. ಸೇತುವೆಯ ಮೇಲೆ ಗಾಳಿ ಬೀಸಿತು. ಅಜ್ಜಿ ಗಾಜು ಪೂರ್ತಿ ಇಳಿಸಿ, ಸೀಟಿಗೆ ಆರಾಮವಾಗಿ ಬೆನ್ನು ಒರಗಿಸಿ, ಬೀಚಿನಲ್ಲಿ ಅಲೆಯನ್ನು ಗದರುವ ದನಿಯಲ್ಲಿ ಹೇಳಿದಳು.

“ಅಳಿಯಂದಿರೇ, ಅಷ್ಟು ಅಲುಗಾಡಬೇಡಿ. ಮೂರನೇ ಪುಟ ನಾನಿನ್ನೂ ಓದಿಲ್ಲ.”